ಎಡಗೈ

ಆ ವರ್ಷ ದೇವಡಿ ದವಾಖಾನೆ ಆಯ್ತು.
ಝೂಮರಿಗೆ ಗೋಣಿತಟ್ಟು ಸುತ್ತಿದರು.
ಆಳೆತ್ತರದ ಕನ್ನಡಿಗಳನ್ನ ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದರು,
ಯಾರ ಮುಖಾನೂ ಅವರಿಗೆ ಕಾಣಬಾರದಂತ
ಡಾಕ್ಟರ ಹುಕುಂ.
ದಿವಾನಖಾನೆದಾಗ ನಾಕು ಸಾಲು ಕಬ್ಬಿಣದ ಮಂಚ,
ರಾತ್ರಿ ಹೊರಳಿದರ ಕಿರ್ ಅಂತಿದ್ದವು.
ಅತ್ತರಿನ ವಾಸನೆ ಒಂದು ವಾರ
ಫಿನೈಲಿನ ಕೂಡ ಹೊಡೆದಾಡಿತು.
ಆಮೇಲೆ ಸುಮ್ಮನಾಯ್ತು.

ಬರ್ಮಾ ಎಲ್ಲದ ಅಂತ ಅವ್ವಗ ಗೊತ್ತಿರಲಿಲ್ಲ.
ಸಿಪಾಯಿಗಳ ಅಂಗಿ ಒಗೀತಾ ಅಂತಿದ್ದಳು:
"ಆ ಊರ ಕೆಸರು ಬೂದಿಬಣ್ಣ ನೋಡು, ಲಗೂ ಹೋಗ್ತದ.
ನಮ್ಮ ಬೀದರದ ಕೆಮ್ಮಣ್ಣಾಗಿದ್ದರ
ಜಲ್ಮ ಪೂರ್ತಿ ಹೋಗಾಂಗಿಲ್ಲ."

ಹಿಂದಿನ ಬಾಗಿಲು ನಮ್ಮದು.
ಸುರಂಗಬಾವಿ ನೀರು ಹೊರೋದು, ಪಟ್ಟಿ ಕುದಿಸೋದು,
ಅಂಗಳದಾಗ ಕಂಬದಿಂದ ಕಂಬಕ್ಕ ಹರವೋದು.
ಮುಂಜಾನೆ ನೋಡಿದರ
ದೇವಡಿಗೇ ದೇವಡಿ ಒಂದು ಗಾಯ ಇದ್ದಂಗ.

ಮ್ಯಾಲೆ ಚಿಕ್ಕಿನ ಪರದೆ ಹಿಂದ ದೊಡ್ಡ ಬೇಗಂ.
ಒಬ್ಬರನ್ನೂ ನೋಡಲಿಲ್ಲ, ಒಬ್ಬರಿಗೂ ಕಾಣಿಸಲಿಲ್ಲ.
ಕೆಮ್ಮಿನ ಮ್ಯಾಲೆ ಗುರುತು ಹಿಡೀತಿದ್ದಳು.
"ಹದಿನೇಳನೇ ಮಂಚದವ ನಿನ್ನೆಯಿಂದ ಕೆಮ್ಮಿಲ್ಲ"
ಅಂತ ಒಂದಿನ ಚೀಟಿ ಕಳಿಸಿದಳು.
ಚೀಟಿ ಇಳಿದು ಬರೋದ್ರಾಗ
ಮಂಚಕ್ಕ ಹೊಸ ಚಾದರ ಹಾಕಿತ್ತು.

ಕಣ್ಣು ಹೋದ ಯಾಕೂಬ, ಔರಂಗಾಬಾದದವ,
ಚೌಕಟ್ಟಿನ ಸಿಂಪಿನ ಹೂ ಬೆರಳಿಲೆ ಎಣಿಸ್ತಿದ್ದ.
ಪ್ರತಿ ಸಲ ಒಂದು ಕಡಿಮೆ ಬರ್ತಿತ್ತು.
"ಯಾರೋ ಕದ್ದಾರ" ಅಂತ ನನ್ನ ಮ್ಯಾಲೆ ಗುಮಾನಿ.
ಕದ್ದವ ನಾನೇ.
ಈಗ ಹೇಳ್ತೀನಿ.

ನನಗ ಆಗ ಹನ್ನೊಂದು. ಮಿಷನ್ ಸಾಲಿ ಅಕ್ಷರ,
ಜ್ವಾಳದ ಕಾಳಿನಂಗ ದುಂಡಗ.
ಹಳ್ಳಿಖೇಡದ ಝರೆಪ್ಪ ಕರೆದ:
"ಏ ತಮ್ಮ, ಮಂಚದ ಮ್ಯಾಲೆ ಕುಂಡ್ರು. ಬರಿ."
ಮಂಚದ ಮ್ಯಾಲಾ?
ಬಾಗಿಲಾಚೆ ನಿಂತ ಅವ್ವ ಬ್ಯಾಡಂತ ತಲಿ ಅಲ್ಲಾಡಿಸಿದಳು.
ನಾ ಕುಂತೆ.
ಅವನ ಬಲಗೈ ಮೊಣಕೈತನಕ.
ಅಲ್ಲಿಂದ ಮುಂದ
ಮಡಚಿ ಪಿನ್ನು ಹಾಕಿದ ತೋಳು.

"ಆರಾಮ ಇದ್ದೀನಂತ ಬರಿ.
ಕಾಲಿಗೆ ತುಸು ಪೆಟ್ಟಂತ ಬರಿ. ಕೈ ಸುದ್ದಿ ಬ್ಯಾಡ.
ನಾನೇ ಬರದಂಗ ಬರಿ."
ಚಂದ ಕಾಣಲಿ ಅಂತ ಮ್ಯಾಲೆ ನಾನೇ ಸೇರಿಸಿದೆ:
ಪ್ರೀತಿಯ ಬಕ್ಕಮ್ಮಗ.
ಹೆಸರು ಮಂಚಕ್ಕ ಕಟ್ಟಿದ ಪಟ್ಟಿಯಾಗ ಇತ್ತು,
ವಾರಸುದಾರರು ಅನ್ನೋ ಕಡೆ.

ಇಪ್ಪತ್ತೆರಡು ದಿನಕ್ಕ ಜವಾಬು.
ಅಕ್ಷರ ಮಠದ ಐನೋರದು, ಮಾತು ಆಕಿದು.
ಎಮ್ಮಿ ಈದದ. ತೊಗರಿಗೆ ಹುಳ ಬಿದ್ದದ.
ಮಾವನ ಕಿವಿ ಪೂರಾ ಹೋದವು.
ಕಡೀ ಸಾಲಿಗೆ ಬಂದು ನಾ ನಿಂತೆ,
ಓದಲೋ ಬ್ಯಾಡೋ.
"ಓದು" ಅಂದ.

"ನೀವು ಎಂದೂ ನನ್ನ ಹೆಸರು ಹಿಡಿದು ಕರೆದವರಲ್ಲ.
ನಿಮ್ಮ ಕೈಗೆ ಏನಾಗ್ಯದ?"

ಪಂಖದ ಹಗ್ಗ ಎಳೆಯೋ ಮುದುಕ
ಎಳೆಯೋದು ಮರೆತ.
ಝರೆಪ್ಪ ಮೊದಲು ನಕ್ಕ.
ಆಮೇಲೆ ಗೋಡೆ ಕಡೆ ಹೊರಳಿದ.
ಮಂಚ ಕಿರ್ ಅಂತಿತ್ತು, ಭಾಳ ಹೊತ್ತು.
ಅವತ್ತು ಸಂಜೀಕ ಮ್ಯಾಲಿಂದ ಒಂದು ಚೀಟಿ,
ಒಂದು ತಟ್ಟೆ ಖೀರು.
ಚೀಟಿದಾಗ ಏನೂ ಬರೆದಿರಲಿಲ್ಲ.

ಮೂರನೇ ದಿನ ಪೆನ್ಸಿಲು ಕೇಳಿದ.
ಎಡಗೈಲೆ ಹಿಡಿದ, ಕುಡುಗೋಲು ಹಿಡಿದಂಗ.
'ಏ' ಬರೆಯಲಿಕ್ಕೆ ಒಂದು ಮಧ್ಯಾಹ್ನ ಹೋಯ್ತು.
ಕೂಸಿನಂಗ ಅಂಬೆಗಾಲಿಟ್ಟು
ಸಾಲು ಬಿಟ್ಟು ಹೊರಗ ಹೋದವು ಅಕ್ಷರ:
ಏ, ಕೇಳಿದೇನ.
ಮನ್ಯಾಗ ಆಕಿಗೆ ಅವ ಅನ್ನೋದು ಅಷ್ಟೇ ಅಂತ.
ಮುಂದಿಂದು ಬರೆಯಲಿಲ್ಲ.

ಬರೆಯೋವಾಗ ಕಾರ್ಡು ಸರೀತಿತ್ತು.
ಒತ್ತಿ ಹಿಡೀಲಿಕ್ಕೂ ಒಂದು ಕೈ ಬೇಕಾಗ್ತದ,
ಎರಡಿದ್ದವರಿಗೆ ಅದು ಗೊತ್ತಾಗಂಗಿಲ್ಲ.
ಎರಡೂ ಅಂಗೈ ಚಾಚಿ ನಾ ಹಿಡಿದೆ.
ಅವನ ಮುಷ್ಟಿ ನನ್ನ ಬೆರಳಿಗೆ
ತಾಕ್ತಾ ತಾಕ್ತಾ ಹೋಯ್ತು.
ಹೊರಗ ಅವ್ವ ಪಟ್ಟಿ ಹಿಂಡಲತ್ತಿದ್ದಳು.