ಹೆಬ್ಬೆರಳು

ಕಡೂರು ರಸ್ತೆಯ ಕ್ಯೂರಿಂಗ್ ವರ್ಕ್ಸಿನಲ್ಲಿ
ರುಚಿ ನೋಡುವ ಕೋಣೆಯ ಲೋಟ ತೊಳೆಯುವವನು ನಾನು.
ಎಲ್ ಸಾಲ್ವಡಾರಿನಿಂದ ಬಂದ ಎಲ್ಬಾ
ಚಮಚದಲ್ಲಿ ಸೊರ್ರೆಂದೆಳೆದು, ಉಗಿದು,
ನಮ್ಮ ಗಿರಿಯ ಕಾಫಿಗೆ ಅಂಕ ಹಾಕುವವಳು.
ಎಂಬತ್ತಮೂರೂವರೆ. ಎಂಬತ್ತನಾಲ್ಕು.
ಮೂಲೆಯಲ್ಲಿ ಕಸಕ್ಕಿಟ್ಟ ಕುಕ್ಕೆ, ನನ್ನವ್ವ ಹೆಣೆದದ್ದು.
ಎತ್ತಿ ಸೊಂಟಕ್ಕಾನಿಸಿಕೊಂಡು ಕೇಳಿದಳು,
ಇದನ್ನು ಮಾಡಿದ ಕೈ ಎಲ್ಲಿದೆ?

ಟಿವಿಎಸ್ ಹಿಂದೆ ಕೂತು ಉಪ್ಪಳ್ಳಿಗೆ ಬಂದಳು.
ಅವಳದೂ ಹರುಕು ಇಂಗ್ಲಿಷು, ನನ್ನದೂ.
ಎರಡು ಹರುಕು ಸೇರಿಸಿ
ದಾರಿಯುದ್ದಕ್ಕೂ ಒಂದು ಕೌದಿ ಹೊಲಿದೆವು.

ಅವ್ವ ಸಣ್ಣೆಂಗ್ಟಿ ಬಿದಿರು ಸೀಳುತ್ತಿದ್ದಳು.
ಬಂದವಳ ಮುಖ ನೋಡಲಿಲ್ಲ, ಕೈ ನೋಡಿದಳು.
ಒಂದು ದಬ್ಬೆ ಕೊಟ್ಟಳು. ಕೂತಳು ಎಲ್ಬಾ.
ಕೂತು ಹೇಳಿದಳು, ನಾನು ತಿರುಗಿಸಿ ಅವ್ವನಿಗೆ ಹೇಳಿದೆ:

ಅವರೂರಿಗೂ ಗೋಮಾಳವಿತ್ತಂತೆ.
ಒಂದು ದಿನ ಕಾನೂನು ಬಂತಂತೆ, ಗೋಮಾಳ ಯಾರದೂ ಅಲ್ಲವೆಂದು;
ಮರುದಿನ ಅದು ಕಾಫಿಯಾಯಿತಂತೆ.
ಐವತ್ತು ವರ್ಷ ಕಳೆದು, ಮೂವತ್ತೆರಡರ ಜನವರಿ,
ಕೊಯ್ಲಿನವರು ಕತ್ತಿ ಹಿಡಿದು ಎದ್ದರಂತೆ.
ಆಮೇಲೆ ಸೈನ್ಯ.
ಚೀಟಿ ಕೊಡುತ್ತೇವೆ, ಚೌಕಕ್ಕೆ ಬನ್ನಿ,
ಚೀಟಿ ಇದ್ದವರಿಗೆ ಏನೂ ಆಗದು ಅಂದರಂತೆ.
ಬಂದವರ ಹೆಬ್ಬೆರಳು ಹೆಬ್ಬೆರಳಿಗೆ ಬೆನ್ನ ಹಿಂದೆ ಕಟ್ಟಿ,
ಚರ್ಚಿನ ಗೋಡೆಗೆ ನಿಲ್ಲಿಸಿ...

ಅವ್ವನ ಕತ್ತಿ ನಿಂತಿತು.
ಹೆಬ್ಬೆರಳೇ? ಅಂದಳು.
ಹೂಂ.
ಹೆಬ್ಬೆರಳೇನಾ, ಸರಿಯಾಗಿ ಕೇಳು.

ನನ್ನ ತಾತ ದಿನಾ ಸಂಜೆ ಠಾಣೆಗೆ ಹೋಗಿ
ಮಸಿಗೆ ಅದ್ದಿದ್ದೂ ಅದೇ ಬೆರಳು.
ಏನೂ ಕದಿಯದಿದ್ದರೂ ಕೊರಮನೆಂದು.
ರಾತ್ರಿ ಉಣ್ಣುವಾಗ ಮುದ್ದೆಗೂ ಹತ್ತುತ್ತಿತ್ತಂತೆ ಮಸಿ.
ಸಂತೆಯಲ್ಲಿ ನಮ್ಮ ಕುಳುವ ಮಾತು ಬಾಯಿಗೆ ಬಂದರೆ ಸಾಕು,
ಯಾರದೋ ಕೋಳಿ ಕಳೆದಿರುತ್ತಿತ್ತು.
ಅದಕ್ಕೇ ಅವ್ವ ನಮ್ಮನ್ನು ಬೈದದ್ದೂ ಕನ್ನಡದಲ್ಲಿ,
ತಟ್ಟಿ ಮಲಗಿಸಿದ್ದೂ ಕನ್ನಡದಲ್ಲಿ.

ಎಲ್ಬಾಳ ಅಜ್ಜಿಗೆ ಆಗ ಏಳು ವರ್ಷ.
ಸುತ್ತಿಕೊಂಡಿದ್ದ ನೇಯ್ಗೆ ಬಟ್ಟೆ ಬಿಚ್ಚಿ ಒಲೆಗೆ ಹಾಕಿದರು,
ನಾವಾತ್ ಮಾತನ್ನು ಹೊಟ್ಟೆಗೆ.
ಸಾಯುವ ವಾರ ಮೂರು ಪದ ಮೇಲೆ ಬಂದವು:
ತಾಲ್ ಅಂದರೆ ನೆಲ,
ತಿತ್ ಅಂದರೆ ಬೆಂಕಿ,
ನಾನ್ ಅಂದರೆ ತಾಯಿ.

ಎಲ್ಬಾ ಮೊಬೈಲು ಮುಂದಿಟ್ಟು ಕೈಮುಗಿದಳು,
ನಿಮ್ಮದೂ ಮೂರು ಹೇಳಿ.
ಅವ್ವ ಮೊಬೈಲು ನೋಡಿದಳು, ಬಾಗಿಲು ನೋಡಿದಳು,
ಮರೆತುಹೋಗಿದೆ ಅಂದಳು. ಕನ್ನಡದಲ್ಲಿ.

ಬೇಜಾರಾಗಲಿಲ್ಲ ಎಲ್ಬಾಗೆ. ನಕ್ಕಳು.
ಅವರಲ್ಲೊಂದು ಬೆಟ್ಟವಂತೆ, ಇಸಾಲ್ಕೋ,
ನೂರೆಂಬತ್ತು ವರ್ಷ ಬಿಡದೆ ಬೆಂಕಿ ಕಾರಿದ್ದು,
ಕಡಲ ಹಡಗಿಗೂ ಕಾಣುವಂಥದ್ದು.
ನೋಡಲು ಬರುವವರಿಗೆಂದು ಎದುರಿಗೇ ಹೋಟೆಲು ಕಟ್ಟಿದರಂತೆ,
ಕಿಟಕಿಗೆ ಗಾಜು ಕೂರಿಸುವ ಹೊತ್ತಿಗೆ
ಬೆಟ್ಟ ಬಾಯಿ ಮುಚ್ಚಿತಂತೆ.

ಇದನ್ನು ತಿರುಗಿಸಿ ಹೇಳಿದಾಗ ಅವ್ವನೂ ನಕ್ಕಳು,
ನಗುವಾಗ ಸಿಬಿರು ಕೊಯ್ದು
ಹೆಬ್ಬೆರಳಿಂದ ರಕ್ತ ಚಿಮ್ಮಿ
ಬಾಯಿಂದ ಬಂತು ನೋಡಿ, ಕುಳುವ ಬೈಗುಳ,
ಬಿದಿರಿನ ತಾಯಿ, ಅಜ್ಜಿ, ಮುತ್ತಜ್ಜಿ ಯಾರನ್ನೂ ಬಿಡದ್ದು.
ಬರೆಯುವಂಥದ್ದಲ್ಲ.
ಮೊಬೈಲು ಆಗಲೇ ಬ್ಯಾಗಿನಲ್ಲಿತ್ತು.

ಕುಕ್ಕೆಗೆ ಇನ್ನೂರೈವತ್ತು, ಕಮ್ಮಿ ಇಲ್ಲ.
ಇನ್ನೂರೈವತ್ತೇ ಕೊಟ್ಟಳು. ಹೊರಟಳು.
ಮರುದಿನದ ಪಟ್ಟಿಯಲ್ಲಿ ಯಾವ ಕಾಫಿಗೂ ಅರ್ಧ ಅಂಕ ಏರಿರಲಿಲ್ಲ.

ಆ ರಾತ್ರಿ ದೀಪವಾರಿದ ಮೇಲೆ
ಬೆರಳಿಗೆ ಬಟ್ಟೆ ಸುತ್ತಿಕೊಂಡ ಅವ್ವ
ಕುಳುವದಲ್ಲಿ ನನ್ನನ್ನೇನೋ ಕೇಳಿದಳು.
ಉಂಡೆಯಾ ಎಂದಿರಬೇಕು, ಬಾಗಿಲು ಹಾಕಿದೆಯಾ ಎಂದಿರಬೇಕು.
ನಾನ್, ಅಂದೆ.
ಮುಂದಕ್ಕೆ ಬರಲಿಲ್ಲ.
ಹೂಂ ಅವ್ವ, ಹಾಕಿದೆ, ಅಂದೆ.