ಸೆಕ್ಟರ್

ಕಲ್ಲಂಗಡಿ ಆರಿಸೋರಂಗ ಬೆರಳಲೆ ಬಡದು
ದಸ್ತಗೀರ ಕಿವಿ ಹಚ್ಚಿದ.
‘ಸಿ ಡ್ರೈವ್ ಟಕ್ ಟಕ್ ಅನ್ನಾಕತ್ತೇತಿ ಸರ.
ಬರೇ ಫೈಲ್ ನಕಲು ಮಾಡಿದರ ಸಾಲೂದಿಲ್ಲ,
ಇಡೀ ಡ್ರೈವಿಂದ ಇಮೇಜ್ ತಗೀರಿ,
ಇದ್ದದ್ದು ಇದ್ದಂಗ, ಇದ್ದಲ್ಲೇ.’

ನನಗ ನಗಿ ಬಂತು.
ಪುನರ್ವಸತಿ ಆಫೀಸಿನ್ಯಾಗ ಹನ್ನೊಂದು ವರ್ಷ
ಟೇಪ್ ಹಿಡದಾಂವ ನಾನು.
ಹಿನ್ನೀರು ಬರೂದ್ರಾಗ ಹಳೇ ಬಾಗಲಕೋಟಿ ಓಣಿ ಓಣಿ ಅಳದು
ಗ್ವಾಡಿ ಇಷ್ಟು, ತೊಲಿ ಇಷ್ಟು,
ಬಾಗಲಾ ತೇಗಿಂದೋ ಬೇವಿಂದೋ,
ಬರದು, ಹೆಬ್ಬೆಟ್ಟು ಒತ್ತಿಸಿ
ನವನಗರಕ್ಕ ಕಳಿಸಿದಾಂವ.
ಈಗ ನನ್ನ ಮನೀನೂ ಒಂದು ಸೆಕ್ಟರಿನ್ಯಾಗ.
ಓಣಿಗೆ ಹೆಸರಿಲ್ಲ, ನಂಬರೈತಿ.

ರಾತ್ರಿ ಒಂಬತ್ತಕ್ಕ ಹೊರಗಿನ ಡಿಸ್ಕ್ ಹಚ್ಚಿದೆ.
ಹೆಸ್ಕಾಂನ ನಂಬದ ಯುಪಿಎಸ್‌ಗೆ ಕೈ ಮುಗದೆ.
ಹಸರ ಪಟ್ಟಿ ಇರಿವಿ ಸಾಲಿನಂಗ ಸರೀತಿತ್ತು.
‘ಫೋಟೋ ಎಲ್ಲಾ ಡಿ ಒಳಗದಾವಲ್ಲ,
ಇದರಾಗೇನೈತಿ ಅಂಥಾದ್ದು?’ ಅಂದಳು ಸುಗಲಾ.
ನುಡಿ ಅಕ್ಷರ ಅದಾವ,
ಪ್ರಿಂಟರಿನ ಜಗಳ ಬಗಿಹರಿಸಿದ ಹದಿನಾಕು ಸೆಟ್ಟಿಂಗ್,
ನನಗೂ ಮರತ, ಅದಕ್ಕಷ್ಟ ನೆನಪಿರೋ ಪಾಸ್‌ವರ್ಡು,
ಕತ್ತಲದಾಗೂ ಕೈ ಹೋಗಿ ಮುಟ್ಟೂ ಐಕಾನು.
ಸಾಮಾನು ಡಿ ಒಳಗ,
ಸಂಸಾರ ಸಿ ಒಳಗ, ಅಂದೆ.
ಆಕಿ ಮಲಗಾಕ ಹೋದಳು.

ಈ ಪದ್ಧತಿ ಭಾಳ ನಿಧಾನ.
ಖಾಲಿ ಇದ್ದದ್ದನ್ನೂ ನಕಲು ಮಾಡತೈತಂತ,
ಅಳಿಸಿ ಹಾಕಿದ್ದರ ಕಲೀನೂ.

ಅರವತ್ಮೂರಕ್ಕ ನಿಂತಿತು.
‘ಈ ಸೆಕ್ಟರ್ ಓದಲಾಗುತ್ತಿಲ್ಲ.
ಬಿಟ್ಟು ಮುಂದುವರಿಯಲೇ?’

ತಂಗೆವ್ವ ಮುರನಾಳ, ಕಿಲ್ಲೇದ ಓಣಿ.
‘ಹೊಸ್ತಿಲದ ಹೊರಗ ಇಷ್ಟು ಜಾಗಾ,
ನಾ ದಿನಾ ಸಾರಿಸಿ ಕುಂದ್ರೂದು,
ಇದನ್ಯಾಕ ಬರೀಲಿಲ್ಲೋ ತಮ್ಮಾ?’
‘ಅದು ರಸ್ತೇದ್ದು ಯವ್ವಾ, ಲೆಕ್ಕಕ್ಕಿಲ್ಲ.’
ಟೇಪು ಚರ್ರ್ ಅಂತ ಒಳಗ ಸೇರಿತು.
ಆಕಿ ಬಗ್ಗಿ ತಾನ ಅಳದಳು, ಮೊಣಕೈಲೆ:
ಮೂರು ಮಳ, ಮ್ಯಾಲೊಂದು ಗೇಣು.
ಕೇಳಿಸಿಕೊಂಡೆ.
ಕಾಲಂ ಖಾಲಿ ಬಿಟ್ಟು
ಬಾಜೂ ಮನಿಗೆ ನಡದೆ.

‘ಮತ್ತೊಮ್ಮೆ ಪ್ರಯತ್ನಿಸು’ ಒತ್ತಿದೆ.
ಟಕ್ ಟಕ್.
ಒತ್ತಿದೆ.
ಒಂದೂವರಿಗೆ ಲೈಟ್ ಹೋತು, ಯುಪಿಎಸ್ ಕೂಸಿನಂಗ ಕಿರಚಿತು,
ಬಂತು, ಮತ್ತ ಒತ್ತಿದೆ.
ಎಷ್ಟು ಸಲ ಅಂತ ಎಣಿಸಲಿಲ್ಲ.
ಕಡೀಕ, ಬಿಡು ಅಂದೆ.
ಅದು ಬಿಟ್ಟಿತು. ಬಿಟ್ಟದ್ದನ್ನ ವರದಿಯಾಗ ಬರೀತು:
ಇಂಥಾ ಸೆಕ್ಟರು, ಇಂಥಾ ಜಾಗಾ, ಸೊನ್ನೆ ತುಂಬಿದೆ.
ನಾ ಅದನ್ನೂ ಬರದಿರಲಿಲ್ಲ.

ಮುಂಜಾನೆ ದಸ್ತಗೀರ ಬಂದ.
‘ಇಳಿಸಿ ನೋಡದ ಬ್ಯಾಕಪ್ಪು ಬ್ಯಾಕಪ್ಪಲ್ಲ ಸರ’ ಅಂತ
ಅಂಗಡ್ಯಾಗಿನ ಬ್ಯಾರೆ ಡಿಸ್ಕ್‌ಗೆ ಇಳಿಸಿ ಚಾಲೂ ಮಾಡಿದ.
ಎರಡು ಕಪ್ ಚಾ ಆದವು, ಮೂರನೇದ್ದಕ್ಕ ಎದ್ದಿತು.
ಗೋಲಗುಮ್ಮಟದ ಮುಂದ ಸುಗಲಾ,
ಅವ ಮುಚ್ಚಿದ ಕಣ್ಣು.
ಐಕಾನು ತಮ್ಮ ತಮ್ಮ ಮೂಲ್ಯಾಗ.
ಪ್ರಿಂಟರ್ ಅಷ್ಟ ಹೊಸದಾಗಿ ಮುನಿಸಿಕೊಂಡಿತ್ತು.
ಹಿಂಗ ಒಂದಾರ ಓಣಿ ಎದ್ದಿತ್ತೇನು ನವನಗರದಾಗ,
ಕೇಳಬೇಕಂದೆ. ಆಂವ ಆವಾಗಿನ್ನೂ ಹುಟ್ಟಿರಲಿಲ್ಲ.

‘ಎರಡೂ ಒಂದ ಮನ್ಯಾಗ ಇಡಬ್ಯಾಡ್ರಿ’ ಅಂದು ಹೋದ.
ಸುಗಲಾ ಡಿಸ್ಕನ್ನ ಗುಳೇದಗುಡ್ಡದ ಖಣದಾಗ ಸುತ್ತಿ
ಶೇಂಗಾ ಹಿಂಡಿ ಡಬ್ಬಿ ಬಾಜೂ ಚೀಲದಾಗಿಟ್ಟು
ವಿದ್ಯಾಗಿರಿಗೆ, ತಂಗಿ ಮನಿಗೆ ಹೊಂಟಳು.

ನಾ ಕುಂತು ಹೊಸಾ ಫೈಲ್ ತಗದೆ.
ತಂಗೆವ್ವ ಮುರನಾಳ, ಕಿಲ್ಲೇದ ಓಣಿ.
ಹೊಸ್ತಿಲದ ಹೊರಗ,
ಮೂರು ಮಳ ಒಂದು ಗೇಣು.
ಅಡ್ಡಳತಿ ನೆನಪಿಲ್ಲ.
ಸೇವ್ ಮಾಡಿದೆ, ಸಿ ಒಳಗ.

ಆಟೋ ಆಗಲೇ ಸರ್ಕಲ್ ದಾಟಿತ್ತು.