ಮನೆಯಲ್ಲೇ ಮಾಡಿದ್ದು

ಅಜ್ಜಿ ಮುಂಡುಕನ ಪೊದೆಗೇ ಕತ್ತಿ ಹಿಡಿದು ಹೋಗುತ್ತಿದ್ದಳಂತೆ,
ಗುರುಪುರದ ಹೊಳೆಕರೆಯಲ್ಲಿ, ಹಾವಿಗೆ ಕೇಳಿಸಲೆಂದು ಕೆಮ್ಮುತ್ತಾ.
ಅಮ್ಮ ಓಲೆಯ ಕಟ್ಟು ಕೊಂಡು ತಂದಳು;
ಮುಳ್ಳು ಹೆರೆದು, ಬೆಂಕಿಗೆ ತೋರಿಸಿ ಬಾಡಿಸಿ,
ಸುತ್ತಿದಳು.
ನಾನು ಸುತ್ತಿದ್ದನ್ನೇ ತಂದೆ, ಖಾಲಿ ಮೂಡೆ, ಡಜನ್ ಲೆಕ್ಕದಲ್ಲಿ.
ಮರುವರ್ಷ ಹಿಟ್ಟೂ ಪ್ಯಾಕೆಟ್ಟಿನದು.
ಈ ಸಲ ಬೆಂದದ್ದೇ ಬಂತು ಕಂಕನಾಡಿ ಮಾರ್ಕೆಟ್ಟಿನಿಂದ,
ಪೇಪರಿನೊಳಗೆ ಬಿಸಿಬಿಸಿ, ಸ್ಕೂಟರಿನ ಕೊಕ್ಕೆಯಲ್ಲಿ ತೂಗುತ್ತಾ.
ಇನ್ನು ನುಂಗುವ ಕೆಲಸವೊಂದು ಉಳಿಯಿತು,
ಅದಕ್ಕೂ ಜನ ಸಿಗುತ್ತಾರಾ ನೋಡು ಎಂದು
ಗಂಡ ನಗುತ್ತಾನೆ. ಅವನು ಉದ್ದು ನೆನೆಹಾಕಿದ್ದನ್ನು
ಹದಿನಾರು ವರ್ಷದಲ್ಲಿ ನಾನು ಕಂಡದ್ದಿಲ್ಲ.

ಅಮ್ಮನಿಗೆ ಇದೆಲ್ಲ ಇಷ್ಟವಿತ್ತೆಂದು ಹೇಳಿದವರು ಯಾರು?
ಸುತ್ತಿಗೊಂದು ಬೈಗುಳ ಸೇರಿಸಿಯೇ ಅವಳು ಕಡ್ಡಿ ಚುಚ್ಚುತ್ತಿದ್ದಳು:
ಓಲೆಗೆ, ಒದ್ದೆ ಸೌದೆಗೆ, ನೆಂಟರಿಗೆ,
ಅಷ್ಟಮಿಯ ದಿನವೇ ಹುಟ್ಟಲು ಹೊರಟ ದೇವರಿಗೆ.
ನಾವು ತಿಂದೆವು. ಬೈಗುಳದ ರುಚಿ ಇರಲಿಲ್ಲ.

ಕೊಂಡದ್ದನ್ನು ಮನೆಯ ತೊಂದೂರಿಗೆ ದಾಟಿಸಿದೆ.
ತಳಕ್ಕೆ ನೀರು, ಸಣ್ಣ ಉರಿ. ಮುಚ್ಚಳ ಕುಣಿಯಬೇಕು,
ನೆಂಟರು ಮೆಟ್ಟಿಲು ಹತ್ತುವಾಗ ಓಲೆಯ ಪರಿಮಳ
ಮೂರನೇ ಮಾಳಿಗೆಯಿಂದ ಇಳಿದು ಅವರ ಕೈ ಹಿಡಿಯಬೇಕು.
ಪೇಪರನ್ನು ಕಸದ ಡಬ್ಬಿಯ ತಳಕ್ಕೆ ಒತ್ತಿದೆ.
ಸಿಂಕಿನಲ್ಲಿ ಒಂದು ದೊಡ್ಡ ಪಾತ್ರೆ,
ಅಂಚಿಗೆ ಹಿಟ್ಟು ಸವರಿ, ಸಾಕ್ಷಿಗೆ.

ಸೇಸಮ್ಮತ್ತೆ ಬಿಚ್ಚಿದರು, ಸುತ್ತು ಸುತ್ತಾಗಿ,
ಗಾಯದ ಪಟ್ಟಿ ಬಿಚ್ಚುವಷ್ಟು ಮೆಲ್ಲಗೆ.
ಬಿಳಿ ಮೈಯ ಮೇಲೆ ಓಲೆಯ ಗೆರೆ ಎದ್ದಿತ್ತು.
“ಮನೆಯಲ್ಲೇ ಮಾಡಿದ್ದಾ?”
“ಹೌದು ಅತ್ತೆ.”
ಕೊದ್ದೆಲ್ ಬಡಿಸುವ ನೆಪದಲ್ಲಿ ಬಗ್ಗಿದೆ.

ಅಷ್ಟಮಿ ಕಳೆದು ಒಂಬತ್ತನೇ ದಿನ
ಲ್ಯಾಬಿನಲ್ಲಿ ನನ್ನೆದುರಿನ ಸ್ಟೂಲಿಗೆ ವಾರಿಜಕ್ಕ ಬಂದು ಕೂತಳು.
ಮೂರು ತಿಂಗಳಿಗೊಮ್ಮೆ ಬರುತ್ತಾಳೆ, ಬೆಳಿಗ್ಗೆ ಏಳಕ್ಕೆ, ಖಾಲಿ ಹೊಟ್ಟೆ.
ಮಾರ್ಕೆಟ್ಟಿನಲ್ಲಿ ನಾನು ಅವಳ ಗಿರಾಕಿ,
ಇಲ್ಲಿ ಅವಳು ನನ್ನ ಗಿರಾಕಿ.
“ಯಾವ ಬೆರಳು?”
“ಖಾಲಿ ಇರುವುದನ್ನು ನೀವೇ ಹುಡುಕಿ.”
ಹತ್ತರಲ್ಲೂ ಮುಂಡುಕನ ಗೀರು,
ಕೆಲವು ಒಣಗಿದವು, ಕೆಲವು ಇನ್ನೂ ಮನಸ್ಸು ಮಾಡದವು.
ನನ್ನ ಸೂಜಿ ಎರಡು ಸಲ ಸೋತಿತು.
ಮೂರನೆಯದಕ್ಕೆ, ಸಾಸಿವೆಯಷ್ಟು ಕೆಂಪು.
“ಈ ಅಷ್ಟಮಿಗೆ ನಾನೂರ ಎಂಬತ್ತು,” ಎಂದಳು.
ಸಕ್ಕರೆಯ ಲೆಕ್ಕವೆಂದು ಬೆಚ್ಚಿಬಿದ್ದೆ.
“ಮೂಡೆ, ಮಾರಾಯ್ತಿ!”

ಹತ್ತಿ ಒತ್ತಿ ಹಿಡಿದುಕೊಂಡು,
ಮಾತಿಗೆ ಇರಲೆಂದು ಕೇಳಿದೆ:
ನಿಮಗೆ, ಮಕ್ಕಳಿಗೆ ಎಂತ ಉಳಿಯಿತು?

“ಮಕ್ಕಳಿಗೆ ಸೋರಿದವು, ಸೊಟ್ಟ ಆದವು ಉಂಟಲ್ಲ,
ರುಚಿಗೆ ಏನೂ ಕಮ್ಮಿ ಇಲ್ಲ. ನನಗೆ ಎರಡು ಚಪಾತಿ.
ನಿಮ್ಮ ಚೀಟಿಯ ಕೆಂಪು ಗೆರೆ ನೋಡಿಯೇ ಅಲ್ವಾ
ಡಾಕ್ಟರು ಅಕ್ಕಿ ಬಿಡಿ ಅಂದದ್ದು?”
ಸ್ವಲ್ಪ ಸುಮ್ಮನಿದ್ದು, ತಲೆ ಹತ್ತಿರ ತಂದು,
ಬೇರೆಯವರಿಗೆ ಕೇಳಿಸದ ಹಾಗೆ:
“ಉಪ್ಪು ಸರಿ ಇತ್ತಾ?
ಬಾಯಿಗೆ ಹಾಕಿ ನೋಡಲಿಲ್ಲ ನಾನು.”

ಸರಿ ಇತ್ತು, ಎಂದೆ.
ಮನೆಯಲ್ಲಿ ಮಾಡಿದ ಹಾಗೆಯೇ ಇತ್ತು.

“ಮನೆಯಲ್ಲೇ ಮಾಡಿದ್ದಲ್ವಾ ಮತ್ತೆ,”
ಎಂದಳು ವಾರಿಜಕ್ಕ,
ಹತ್ತಿಯನ್ನು ಬುಟ್ಟಿಗೆ ಹಾಕಿ, ಚೀಲ ಎತ್ತಿಕೊಂಡು.